ಕೆಂಪು ಅಂಗಿಯ ಒಂಬತ್ತು ತುಂಡು

ಗಣಿಯವರ ಸಾಲುಮನೆಗಳ ನಮ್ಮ ಲೈನಿನಲ್ಲಿ ಸೊಣ್ಣಮ್ಮನ ಬಾಯಿಗೆ ಹೆದರದ ಹೆಂಗಸಿರಲಿಲ್ಲ. ಭಾನುವಾರ ಮಧ್ಯಾಹ್ನ ಹುಣಸೆಮರದ ಕೆಳಗೆ ನಾವು ಎಂಟು ಜನ ನಮ್ಮ ನಮ್ಮ ಬಟ್ಟೆಯ ಚೌಕಗಳನ್ನು ಹಿಡಿದು ಅವಳ ಮುಂದೆ ಕುಳಿತರೆ, ಅವಳು ಒಂದೊಂದನ್ನೇ ಎತ್ತಿ ಬೆಳಕಿಗೆ ಹಿಡಿದು, ಹೊಲಿಗೆಯನ್ನು ಉಗುರಿನಿಂದ ಎಳೆದು ನೋಡುತ್ತಿದ್ದಳು. ಸರಿಯಿಲ್ಲದ್ದು ಕಂಡರೆ ಹೊಲಿದವಳ ಮಡಿಲಿಗೇ ಎಸೆಯುವಳು. ನಾನು ಶಾಲೆಯಲ್ಲಿ ಮಕ್ಕಳ ಪುಸ್ತಕ ತಿದ್ದುವವಳು. ನನ್ನ ಚೌಕಗಳೇ ಮೂರು ಸಲ ವಾಪಸು ಬಂದಿವೆ. "ಟೀಚರಮ್ಮ, ಇದು ಚೌಕ ಅಲ್ಲ, ದೋಸೆ. ಓಗಿ ಬಿಚ್ಚಿ ಒಲ್ಕೊಂಡು ಬನ್ನಿ" ಎಂದು ಎಲ್ಲರೆದುರಿಗೆ ಹೇಳಿದ ದಿನ ನನಗೆ ಬಂದ ಸಿಟ್ಟು ಈಗಲೂ ನೆನಪಿದೆ. ಮನೆಗೆ ಹೋಗಿ ಬಿಚ್ಚಿ ಹೊಲಿದೆ. ಅವಳು ಹೇಳಿದ್ದು ಸರಿಯಾಗಿಯೇ ಇತ್ತು, ಸಿಟ್ಟು ಬಂದದ್ದೂ ಅದಕ್ಕೇ.

ಅವಳು ಕಾಮಸಮುದ್ರದಾಚೆಯ ಹಳ್ಳಿಯವಳು. ಹಳೆಯ ಸೀರೆ ಪಂಚೆಗಳನ್ನು ಪದರ ಪದರವಾಗಿ ಹಾಸಿ, ಮೇಲೆ ಬಣ್ಣದ ತುಂಡುಗಳನ್ನಿಟ್ಟು ಹೊಲಿದದ್ದಕ್ಕೆ ನಮ್ಮ ಕಡೆ ಬೊಂತೆ ಎನ್ನುತ್ತಾರೆ. ಬಂಗಾರಪೇಟೆಯ ನನ್ನ ತವರಿನಲ್ಲೂ ಅದೇ ಮಾತು. ಕೋದಂಡಪ್ಪನನ್ನು ಮದುವೆಯಾಗಿ ಚಿನ್ನದ ಗಣಿಯ ಲೈನಿಗೆ ಬಂದಾಗ ಸೊಣ್ಣಮ್ಮ ತಂದದ್ದು ಒಂದು ಟ್ರಂಕು ಮತ್ತು ಈ ವಿದ್ಯೆ. ಆದರೆ ಲೈನಿನ ಒಂದು ಕೋಣೆಯ ಮನೆಯಲ್ಲಿ ಎಷ್ಟು ಬಣ್ಣದ ಹಳೆಬಟ್ಟೆ ಸಿಗುತ್ತದೆ? ಇಡೀ ಮನೆ ಜಾಲಾಡಿದರೂ ಎರಡೋ ಮೂರೋ. ಅದಕ್ಕೆ ಅವಳೇ ಒಂದು ಬದಲಿ ಪದ್ಧತಿ ಮಾಡಿದಳು. ಒಂಬತ್ತು ಮನೆಯವರು ಸೇರಬೇಕು. ಪ್ರತಿಯೊಬ್ಬಳೂ ತನ್ನ ಮನೆಯ ಬಟ್ಟೆಯಿಂದ ಒಂದೇ ಥರದ ಒಂಬತ್ತು ಚೌಕ ಹೊಲಿದು, ಒಂದನ್ನು ತಾನಿಟ್ಟುಕೊಂಡು, ಎಂಟನ್ನು ಎಂಟು ಮನೆಗೆ ಕೊಡಬೇಕು. ಆಗ ಎಲ್ಲರ ಕೈಯಲ್ಲೂ ಒಂಬತ್ತು ಬಣ್ಣ. ಒಂದು ಕೂಸಿನ ಬೊಂತೆಗೆ ಅಷ್ಟು ಸಾಕು. ದೊಡ್ಡದು ಬೇಕಾದವರು ಮುಂದಿನ ಸಲದ ಬದಲಿಗೆ ಕಾಯಬೇಕು. ಅಳತೆಗೆ ಒಂದು ಗೇಣಿನ ಮರದ ಹಲಗೆ ಇತ್ತು. ಕೂದಲೆಳೆಯಷ್ಟು ಹೆಚ್ಚುಕಡಿಮೆಯಾದರೂ ಸೊಣ್ಣಮ್ಮ ಒಪ್ಪುತ್ತಿರಲಿಲ್ಲ.

ಒಂಬತ್ತು ಮನೆಯಲ್ಲಿ ಮೂರು ಭಾಷೆ. ಪಕ್ಕದ ಮನೆಯ ಮಾರಿಯಮ್ಮನದು ತಮಿಳು, ಕೊನೆಯ ಮನೆಯ ಕದಿರಮ್ಮನದು ತೆಲುಗು, ಉಳಿದವರದು ಎಲ್ಲವೂ ಬೆರೆತದ್ದು. ಜಗಳ ಮಾತ್ರ ಎಲ್ಲರಿಗೂ ಎಲ್ಲ ಭಾಷೆಯಲ್ಲೂ ಬರುತ್ತಿತ್ತು.

ಕೂಸಿನ ಬೊಂತೆಗೆ ಕೆಲವು ಕಟ್ಟಳೆಗಳಿದ್ದವು. ಹೊಸ ಬಟ್ಟೆ ಕೂಡದು. ಬದುಕಿರುವವರು ಉಟ್ಟು ತೊಟ್ಟು ಮೆತ್ತಗಾದ ಬಟ್ಟೆ ಬೇಕು. ಒಂಬತ್ತು ಮನೆಯವರ ಆಯುಸ್ಸು ಅದರಲ್ಲಿರುತ್ತದೆ, ಮಲಗಿದ ಕೂಸಿಗೆ ಅದು ಹತ್ತುತ್ತದೆ ಎಂದು ನಂಬಿಕೆ. ಹೊಲಿದ ಮೇಲೆ ಬಟ್ಟೆಯ ಯಜಮಾನ ತೀರಿಕೊಂಡರೆ, ಕೂಸು ಮಲಗುವ ಮೊದಲೇ ಆ ಚೌಕವನ್ನು ಬಿಚ್ಚಿ ತೆಗೆಯಬೇಕು. ಬಿಚ್ಚುವ ಕೈ ಕೂಸಿನ ತಾಯಿಯದಾಗಿರಬೇಕು, ಇಲ್ಲವೆ ಬಟ್ಟೆ ಕೊಟ್ಟವಳದು. ಹಾಗೆಯೇ, ಬದುಕಿರುವವನ ಚೌಕ ಬಿಚ್ಚಿದರೆ ಅವನನ್ನು ಕೈಯಾರೆ ಕಳಿಸಿಕೊಟ್ಟಂತೆ. ಗಂಡಸು ಶಿಫ್ಟಿಗೆ ಇಳಿದಿರುವಾಗ ಅವನ ಬಟ್ಟೆಗೆ ಕತ್ತರಿ ಹಾಕುವಂತೆಯೂ ಇರಲಿಲ್ಲ. ಇದನ್ನೆಲ್ಲ ನಾನು ಪಾಠ ಹೇಳುವ ಪುಸ್ತಕದಲ್ಲಿ ಬರೆದಿರಲಿಲ್ಲ, ನಾನು ನಂಬುತ್ತೇನೆ ಎಂದು ಯಾರೆದುರಿಗೂ ಒಪ್ಪಿಕೊಳ್ಳುತ್ತಲೂ ಇರಲಿಲ್ಲ. ಆದರೆ ಅಷ್ಟರಲ್ಲಿ ನಾನು ಎರಡು ಮಕ್ಕಳನ್ನು ಮಣ್ಣಿಗೆ ಕೊಟ್ಟಿದ್ದೆ. ಒಂದು ಹನ್ನೊಂದು ದಿನ ಬದುಕಿತು, ಇನ್ನೊಂದು ನಲವತ್ತು ದಿನ. ಮೂರನೆಯದು ಹೊಟ್ಟೆಯಲ್ಲಿತ್ತು. ಅಂಥವಳು ಏನನ್ನು ತಾನೇ ನಂಬುವುದಿಲ್ಲ.

ಅರವತ್ತೊಂದನೇ ಇಸವಿಯ ಮಾತು. ಆ ಸಲದ ಬದಲಿ ನನ್ನ ಸಲುವಾಗಿಯೇ ನಡೆದದ್ದು. ಮಾರಿಯಮ್ಮನ ಗಂಡ ಆರುಮುಗಂನ ನೀಲಿ ಲುಂಗಿ, ಕದಿರಮ್ಮನ ಅರಿಶಿನ ಬಣ್ಣದ ಸೀರೆ, ನಮ್ಮ ಅತ್ತೆ ಓಬಳಮ್ಮನ ಗಿಳಿಹಸಿರು, ಹೀಗೆ ಎಂಟು ಬಣ್ಣ ಸೇರಿದವು. ನಡುವಿನ ಚೌಕ ಸೊಣ್ಣಮ್ಮನದು, ಅದು ಕೆಂಪಿರಬೇಕಿತ್ತು. ಕೆಂಪಿಲ್ಲದ ಬೊಂತೆಗೆ ದೃಷ್ಟಿ ತಾಗುತ್ತದಂತೆ. ಅವಳು ಎತ್ತಿಟ್ಟಿದ್ದ ಕೆಂಪು ಸೀರೆ ಟ್ರಂಕಿನಲ್ಲಿ ಮುಗ್ಗಿ, ಮುಟ್ಟಿದರೆ ಹರಿಯುವಂತಾಗಿತ್ತು. ನನಗೆ ದಿನ ತುಂಬುತ್ತಾ ಬಂದಿತ್ತು. ಬುಧವಾರ ಬೆಳಗ್ಗೆ ಅವಳ ಕಣ್ಣು ಗೂಟಕ್ಕೆ ನೇತುಹಾಕಿದ್ದ ಕೋದಂಡಪ್ಪನ ಕೆಂಪು ಅಂಗಿಯ ಮೇಲೆ ಬಿತ್ತು.

ಕೋದಂಡಪ್ಪ ಗಣಿಯೊಳಗೆ ಮೇಲ್ಗಲ್ಲು ಕುಸಿಯದಂತೆ ಮರದ ದಿಮ್ಮಿ ನಿಲ್ಲಿಸುವ ಕೆಲಸದವನು. ಮಾತು ಕಡಿಮೆ, ಶೋಕಿ ಅಂತ ಇದ್ದದ್ದು ಅದೊಂದು ಅಂಗಿ. ಬಂಗಾರಪೇಟೆಯ ಸ್ಟೇಷನ್ನಿನ ಹತ್ತಿರದ ಅಂಗಡಿಯಲ್ಲಿ ತಾನೇ ಆರಿಸಿ ಕೊಂಡದ್ದು. ಮೊಣಕೈ ಹರಿದಿದ್ದರೂ ತೋಳು ಮಡಚಿ ಹಾಕಿಕೊಂಡು ಸಿನಿಮಾಕ್ಕೆ ಹೋಗುತ್ತಿದ್ದ. ಸೊಣ್ಣಮ್ಮ ಅದನ್ನು ಚಾಪೆಯ ಮೇಲೆ ಹಾಸಿ ಕತ್ತರಿ ಎತ್ತಿದಾಗ ಅವನು ಬೆಳಗಿನ ಶಿಫ್ಟಿನಲ್ಲಿ ನೆಲದೊಳಗಿದ್ದ. ನಮ್ಮ ಅತ್ತೆ ಬಾಗಿಲಲ್ಲಿ ನಿಂತು ನೋಡಿ ತಡೆದರು.

"ಲೇ ಸೊಣ್ಣಿ, ಅವ್ನು ಮೇಲಕ್ಕೆ ಬರೋಗಂಟ ಇರು. ಒಳಗಿದ್ದಾಗ ಕತ್ತರಿ ಆಕಬ್ಯಾಡ."

"ಅಂಗಿ ಇಲ್ಲೈತೆ, ಅವ್ರು ಅಲ್ಲವ್ರೆ. ನನ್ ಕತ್ತರಿ ಅಷ್ಟುದ್ದ ಇಲ್ಲ ಓಬಳಕ್ಕ" ಎಂದಳು ಸೊಣ್ಣಮ್ಮ. ಕತ್ತರಿಸಿಯೇಬಿಟ್ಟಳು.

ಎರಡು ಕೆಂಪು ಮುಕ್ಕೋನ, ಅವನದೇ ಹಳೆ ಪಂಚೆಯ ಎರಡು ಬಿಳಿ ಮುಕ್ಕೋನ, ನಾಲ್ಕೂ ಸೇರಿ ಒಂದು ಚೌಕ. ಸಂಜೆಯೊಳಗೆ ಒಂಬತ್ತೂ ಸಿದ್ಧವಾಗಿ ಮನೆಮನೆ ಸೇರಿದವು. ನನ್ನ ಬೊಂತೆಯನ್ನು ಅವಳೇ ನಮ್ಮ ಜಗಲಿಯಲ್ಲಿ ಕೂತು ಮುಗಿಸಿದಳು. ಶಿಫ್ಟು ಮುಗಿಸಿ ಬಂದ ಕೋದಂಡಪ್ಪ ಬರಿದಾದ ಗೂಟ ನೋಡಿದ, ಅವಳ ಮಡಿಲಲ್ಲಿ ಉಳಿದಿದ್ದ ಕಾಲರು ನೋಡಿದ. ಮಾರನೆಯ ದಿನ ಗುರುವಾರ, ಮುದ್ದೆ ಮುಟ್ಟದೆ ಕೆಲಸಕ್ಕೆ ಹೋದ. ಸೊಣ್ಣಮ್ಮ ನನ್ನ ಹತ್ತಿರ ಬಂದು ನಕ್ಕಳು. "ನೋಡಿದ್ರಾ ಟೀಚರಮ್ಮ, ಕತ್ತರಿ ಆಕಿದ್ರೂ ನಮ್ಮೋರು ಚೆನ್ನಾಗೇ ಮೇಲಕ್ ಬಂದ್ರು. ಮೂತಿ ಮಾತ್ರ ಇಷ್ಟುದ್ದ ಆಗೈತೆ."

ಅವಳು ಹಾಗೆ ಹೇಳಿ ಒಂದು ಗಂಟೆಯೂ ಆಗಿರಲಿಲ್ಲ, ನೆಲ ನಡುಗಿತು. ಗಣಿಯೂರಿನಲ್ಲಿ ಬಂಡೆ ಸಿಡಿಯುವುದು ಹೊಸತಲ್ಲ. ಪಾತ್ರೆ ಒಂದೆರಡು ಉರುಳುತ್ತವೆ, ನಾವು ಎತ್ತಿಟ್ಟು ಕೆಲಸ ಮುಂದುವರಿಸುತ್ತೇವೆ. ಈ ಸಲ ಕಪಾಟಿನ ಪಾತ್ರೆಗಳೆಲ್ಲ ಒಟ್ಟಿಗೇ ಬಿದ್ದವು. ಸ್ವಲ್ಪ ಹೊತ್ತಿಗೆ ಸೈರನ್ ಕೂಗಿತು, ನಿಲ್ಲಲೇ ಇಲ್ಲ. ಹೆಂಗಸರೆಲ್ಲ ಗಣಿಗೆ ಇಳಿಯುವ ಶಾಫ್ಟಿನ ಕಡೆ ಓಡಿದರು. ಚಪ್ಪಲಿ ಹಾಕಿಕೊಂಡವರಿಲ್ಲ. ನಾನು ಹೊಟ್ಟೆ ಹಿಡಿದುಕೊಂಡು ಬಾಗಿಲಲ್ಲೇ ಉಳಿದೆ. ನಮ್ಮವರು ಉಗ್ರಾಣದಲ್ಲಿ ಗುಮಾಸ್ತರು, ನೆಲದ ಮೇಲಿನ ಕೆಲಸ. ಹಾಗಾಗಿ ನನಗೆ ಓಡುವ ಕಾರಣವಿರಲಿಲ್ಲ. ಅದಕ್ಕೆ ಸಮಾಧಾನಪಟ್ಟುಕೊಂಡದ್ದನ್ನೂ ಹೇಳಿಬಿಡುತ್ತೇನೆ.

ಮಧ್ಯಾಹ್ನದ ಹೊತ್ತಿಗೆ ನಮ್ಮವರು ಸುದ್ದಿ ತಂದರು. ಬಂಡೆ ಕುಸಿದ ಜಾಗದಲ್ಲಿ ನಾಲ್ವರು ಸಿಕ್ಕಿಕೊಂಡಿದ್ದರು. ಸಂಜೆಗೆ ಇಬ್ಬರ ಹೆಣ ಮೇಲೆ ಬಂತು, ಇಬ್ಬರೂ ಬೇರೆ ಲೈನಿನವರು. ಕುಸಿತದ ಆಚೆ ಉಳಿದವರು ಕೋದಂಡಪ್ಪ ಮತ್ತು ಆರುಮುಗಂ. ಅವರಿಬ್ಬರೂ ಬದುಕಿದ್ದಾರೆ, ಗಾಳಿಯ ಕೊಳವೆಗೆ ಕಲ್ಲಿನಿಂದ ಬಡಿಯುವ ಸದ್ದು ಈಚೆಗೆ ಕೇಳುತ್ತಿದೆ ಎಂದರು. ಸೊಣ್ಣಮ್ಮ, ಮಾರಿಯಮ್ಮ ಇಬ್ಬರೂ ಶಾಫ್ಟಿನ ಬೇಲಿಯ ಹತ್ತಿರ ಕೂತಿದ್ದರು. ಕರೆದರೂ ಮನೆಗೆ ಬರಲಿಲ್ಲ.

ನಮ್ಮ ಲೈನಿನಲ್ಲಿ ಅಂದು ಯಾರೂ ಜೋರಾಗಿ ಮಾತಾಡಲಿಲ್ಲ. ಆದರೆ ಆ ಕೆಂಪು ಚೌಕಗಳು ಒಂಬತ್ತು ಮನೆಯಲ್ಲೂ ಇದ್ದವು. ಮಡಚಿ ಒಳಗಿಟ್ಟವರು ಉಂಟು, ಮೇಲೆ ಇನ್ನೊಂದು ಬಟ್ಟೆ ಮುಚ್ಚಿದವರು ಉಂಟು. ನೀಲಿ ಚೌಕವೂ ಇತ್ತು, ಆರುಮುಗಂನದು. ಆದರೆ ಮಾರಿಯಮ್ಮ ಅದನ್ನು ಕಟ್ಟಳೆಯಂತೆ ಅವನು ಮನೆಯಲ್ಲಿದ್ದಾಗ ಕತ್ತರಿಸಿದ್ದಳು, ಹಾಗಾಗಿ ಅದರ ಮಾತು ಯಾರೂ ಎತ್ತಲಿಲ್ಲ. ಎಲ್ಲರ ಬಾಯಲ್ಲೂ ಕೆಂಪಿನದೇ ಮಾತು. "ಒಳಗಿದ್ದೋನ ಅಂಗಿಗೆ ಕತ್ತರಿ ಆಕಿದ್ಳು, ಅದಕ್ಕೇ" ಎಂದು ನೀರಿನ ಕೊಳಾಯಿಯ ಹತ್ತಿರ ಆಡಿಕೊಂಡದ್ದು ನನ್ನ ಕಿವಿಗೂ ಬಿತ್ತು. ಹಾಗೆ ಆಡಿದವರೆಲ್ಲ ಆ ಚೌಕವನ್ನು ಕೈಚಾಚಿ ಈಸಿಕೊಂಡವರೇ.

ಶುಕ್ರವಾರ ಬೆಳಗ್ಗೆ ಕೊಳವೆಯ ಸದ್ದು ನಿಂತಿತು. ಅಗೆಯುವುದನ್ನು ಬಿಟ್ಟಿಲ್ಲ, ಆದರೆ ಯಾರಿಗೂ ಆಸೆ ಉಳಿದಿಲ್ಲ ಎಂದು ನಮ್ಮವರು ಹೇಳಿ ತಲೆ ತಗ್ಗಿಸಿದರು. ಆಗಲೇ ನನ್ನ ಸೊಂಟದಲ್ಲಿ ನೋವು ಎದ್ದಿತು. ದಿನಕ್ಕಿಂತ ಎರಡು ವಾರ ಮೊದಲು. ಸೂಲಗಿತ್ತಿ ಮುನಿಗಂಗಮ್ಮ ಬಂದು ಕೈಯಿಟ್ಟು ನೋಡಿ, "ಇವತ್ತೇ ಆಯ್ತದೆ" ಎಂದಳು.

ಅತ್ತೆ ಬೊಂತೆಯನ್ನು ತಂದು ನನ್ನ ಮುಂದೆ ಹಾಸಿದರು. ನಡುವಿನ ಕೆಂಪು ಚೌಕ ಕಣ್ಣಿಗೆ ಹೊಡೆಯುವಂತಿತ್ತು. ನಮ್ಮವರು ಗಡ್ಡ ಹೆರೆಯುವ ಬ್ಲೇಡನ್ನು ಅತ್ತೆಯೇ ತಂದು ನನ್ನ ಅಂಗೈಯಲ್ಲಿಟ್ಟರು.

"ಬಿಚ್ಚು" ಎಂದರು.

"ಅವರು ಸತ್ತಿದ್ದಾರೆ ಅಂತ ಯಾರು ಹೇಳಿದ್ರು ಅತ್ತೆ?"

"ಸದ್ದು ನಿಂತೋಯ್ತಲ್ಲ."

"ಸದ್ದು ನಿಂತರೆ ಸತ್ತಹಾಗಾ? ನಿದ್ದೆ ಮಾಡ್ತಿರಬಹುದು."

ಅತ್ತೆ ನನ್ನ ಪಕ್ಕ ಕೂತರು. "ಎರಡು ಮಕ್ಕಳ್ನ ನಾನೇ ಬಟ್ಟೇಲಿ ಸುತ್ತಿ ಕಳ್ಸಿದೀನಿ ಕಣಮ್ಮ. ಮೂರನೇದು ನನ್ ಕೈಯಾಗೆ ಆಗಲ್ಲ. ಕೋದಂಡ ಒಳ್ಳೆ ಮನ್ಸ, ನಂಗೂ ಮಗನಂಗೇ. ಆದ್ರೆ ಇದ್ರ ಮೇಲೆ ಕೂಸ್ನ ಮಲಗ್ಸಕೆ ನಾ ಬಿಡಲ್ಲ."

ಹಾಗಾದರೆ ಬೇರೆ ಬಟ್ಟೆಯ ಮೇಲೆ ಮಲಗಿಸಿದರಾಯಿತು ಎಂದು ನೀವು ಕೇಳಬಹುದು. ಒಂಬತ್ತು ಮನೆಯ ಆಯುಸ್ಸನ್ನು ಬೇಡಿ ತಂದು, ಅದನ್ನು ಪಕ್ಕಕ್ಕಿಟ್ಟು, ಬರೀ ಚಾಪೆಯ ಮೇಲೆ ಕೂಸನ್ನು ಮಲಗಿಸುವ ಧೈರ್ಯ ನನಗಿರಲಿಲ್ಲ. ಮೊದಲಿನ ಇಬ್ಬರನ್ನು ಹಾಗೇ ಮಲಗಿಸಿದ್ದೆ.

ನಾನು ಬ್ಲೇಡು ಹಿಡಿದೆ. ಅಂಚಿನ ಮೊದಲ ಹೊಲಿಗೆಯ ಹತ್ತಿರ ತಂದೆ. ನೋವು ಬಂತು, ಹಲ್ಲು ಕಚ್ಚಿ ಕೂತೆ, ನೋವು ಹೋಯಿತು, ಬ್ಲೇಡು ಮತ್ತೆ ಹತ್ತಿರ ತಂದೆ. ಬಿಚ್ಚಬೇಕೆಂದೇ ನನಗೆ ಆಸೆ. ಇದನ್ನು ಸುತ್ತಿ ಬಳಸಿ ಹೇಳುವುದಿಲ್ಲ. ಮೂರು ಮನೆ ಆಚೆಯ ಹೆಂಗಸಿನ ಗಂಡನಿಗಿಂತ ನನ್ನ ಹೊಟ್ಟೆಯೊಳಗಿನದು ನನಗೆ ಹೆಚ್ಚಾಗಿತ್ತು. ಕೈ ತಡೆದದ್ದು ಒಳ್ಳೆಯತನದಿಂದಲ್ಲ, ಸೊಣ್ಣಮ್ಮನ ಮುಖ ಹೇಗೆ ನೋಡಲಿ ಎಂಬ ಹೆದರಿಕೆಯಿಂದ.

ಅಷ್ಟರಲ್ಲಿ ಹೊರಗೆ ಗದ್ದಲ. ಮುನಿಗಂಗಮ್ಮ ಹೊರಗೆ ಹೋಗಿ ನೋಡಿ ಬಂದು ಹೇಳಿದಳು. ಸೊಣ್ಣಮ್ಮ ಶಾಫ್ಟಿನಿಂದ ಎದ್ದು ಬಂದಿದ್ದಾಳೆ, ಒಂದೊಂದೇ ಮನೆಗೆ ನುಗ್ಗಿ, "ನನ್ ತುಂಡು ತೋರ್ಸಿ" ಎನ್ನುತ್ತಿದ್ದಾಳೆ. ಆರು ಮನೆಯಲ್ಲಿ ತೋರಿಸಿದರು, ಬೊಂತೆ ಇದ್ದಂತೆಯೇ ಇತ್ತು. ಕದಿರಮ್ಮನ ಮನೆಯಲ್ಲಿ ತೋರಿಸಲಿಲ್ಲ. ಅವಳ ಮಗಳೂ ಬಸುರಿ. ಸೊಣ್ಣಮ್ಮ ಅವಳನ್ನು ಪಕ್ಕಕ್ಕೆ ತಳ್ಳಿ ಒಳಗೆ ಹೋದಾಗ ಒಲೆಯ ಪಕ್ಕದಲ್ಲಿ ಕೆಂಪು ಚೌಕ ಬಿದ್ದಿತ್ತು, ನೂಲಿನ ಚೂರುಗಳು ಅಂಟಿಕೊಂಡು. ಸೊಣ್ಣಮ್ಮ ಬೈಯಲಿಲ್ಲ. ಅದನ್ನು ಎತ್ತಿ ನೂಲು ಕೊಡವಿ, ಸೊಂಟಕ್ಕೆ ಸಿಕ್ಕಿಸಿಕೊಂಡು ಹೊರಗೆ ಬಂದಳು. ಅವಳು ಬೈಯಲಿಲ್ಲ ಎಂಬುದರಿಂದಲೇ ನನಗೆ ಹೆಚ್ಚು ಭಯವಾಯಿತು.

"ಇಲ್ಲಿಗೇ ಬತ್ತವ್ಳೆ" ಎಂದಳು ಮುನಿಗಂಗಮ್ಮ.

ಅತ್ತೆ ಬೊಂತೆಯನ್ನು ಎಳೆದು ಮುಚ್ಚಲು ನೋಡಿದರು. ನನಗೆ ಆಗಲೇ ಇನ್ನೊಂದು ನೋವು ಬಂದು ಅದರ ಅಂಚನ್ನು ಮುಷ್ಟಿಯಲ್ಲಿ ಹಿಡಿದಿದ್ದೆ, ಬಿಡಲಾಗಲಿಲ್ಲ. ಸೊಣ್ಣಮ್ಮ ಬಾಗಿಲಲ್ಲಿ ನಿಂತಳು. ಎರಡು ದಿನದ ಧೂಳು ಮೈಮೇಲೆ, ತುಟಿ ಒಡೆದಿತ್ತು. ಅವಳ ಕಣ್ಣು ಮೊದಲು ಬೊಂತೆಯ ನಡುವಿನ ಕೆಂಪಿನ ಮೇಲೆ ಹೋಯಿತು, ಆಮೇಲೆ ನನ್ನ ಬಲಗೈಯ ಮೇಲೆ. ಬ್ಲೇಡು ಅಲ್ಲೇ ಇತ್ತು. ಬಚ್ಚಿಡಬಹುದಿತ್ತು, ಬಚ್ಚಿಡಲಿಲ್ಲ, ಅಷ್ಟು ಬುದ್ಧಿ ಓಡಲಿಲ್ಲ.

ಮುನಿಗಂಗಮ್ಮ ಕಾಯಿಸುತ್ತಿದ್ದ ನೀರು ಕುದಿಯುವುದು ಕೇಳುತ್ತಿತ್ತು.

"ಬಿಚ್ಚಿಲ್ಲ ಸೊಣ್ಣಕ್ಕ" ಎಂದೆ. "ನೋಡು, ಒಂದು ಹೊಲಿಗೆಯೂ ಬಿಚ್ಚಿಲ್ಲ."

ಅವಳು ಒಳಗೆ ಬಂದು ನನ್ನ ಎದುರಿಗೆ ಕೂತಳು. "ನೋವು ಯಾವಾಗಿಂದ?"

"ಬೆಳಗ್ಗೆಯಿಂದ."

"ಎಷ್ಟೊತ್ತಿಗೊಂದು?"

ಮುನಿಗಂಗಮ್ಮನೇ ಉತ್ತರ ಕೊಟ್ಟಳು. "ಸಂಜೆ ಒಳಗೆ ಆಯ್ತದಮ್ಮ."

ಸೊಣ್ಣಮ್ಮ ತಲೆಯಾಡಿಸಿದಳು. ಆಮೇಲೆ ನನ್ನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ಬ್ಲೇಡನ್ನು ತೆಗೆದುಕೊಂಡಳು. ನಾನು ಅದನ್ನು ಎಸೆಯುತ್ತಾಳೆ ಎಂದುಕೊಂಡೆ. ಅವಳು ಬೊಂತೆಯನ್ನು ತನ್ನ ತೊಡೆಯ ಮೇಲೆಳೆದುಕೊಂಡು, ಕೆಂಪು ಚೌಕದ ಮೂಲೆಯಲ್ಲಿ ತಾನೇ ಹಾಕಿದ್ದ ಗಂಟನ್ನು ಕತ್ತರಿಸಿದಳು.

"ಬ್ಯಾಡ ಕಣೆ" ಎಂದರು ಅತ್ತೆ. ಬಿಚ್ಚು ಎಂದು ಬೆಳಗಿನಿಂದ ನನ್ನನ್ನು ಹಿಂಸೆ ಮಾಡಿದವರು ಅವರೇ. ಈಗ ಅವಳ ಕೈ ಹಿಡಿದುಕೊಂಡರು. "ನೀನು ಬಿಚ್ಬ್ಯಾಡ. ಎಂಡ್ತಿ ಕೈಲಿ ಅದು ಆಗಬಾರ್ದು."

"ಬಟ್ಟೆ ಕೊಟ್ಟೋಳು ಬಿಚ್ಬೌದಲ್ಲ ಓಬಳಕ್ಕ. ಬಿಡಿ ಕೈಯ."

ಅವಳು ನಾಲ್ಕೂ ಕಡೆಯ ಹೊಲಿಗೆ ಬಿಚ್ಚಿದಳು. ಅವಸರ ಮಾಡಲಿಲ್ಲ. ಬಟ್ಟೆ ಹರಿಯದ ಹಾಗೆ ಒಂದೊಂದು ನೂಲನ್ನೂ ಬ್ಲೇಡಿನ ಮೂಲೆಯಿಂದ ಎತ್ತಿ ಎಳೆದಳು. ನಡುನಡುವೆ ನನಗೆ ನೋವು ಬಂದಾಗ ನಿಲ್ಲಿಸಿ, ನನ್ನ ಮೊಣಕಾಲು ಹಿಡಿದುಕೊಂಡು, ಅದು ಕಳೆದ ಮೇಲೆ ಮುಂದುವರಿಸಿದಳು. ಅಳಲಿಲ್ಲ. ಚೌಕ ಕೈಗೆ ಬಂದಾಗ ಅದರ ಕೆಳಗಿನ ಮಾಸಲು ಸೀರೆಯ ಪದರ ಬೊಂತೆಯ ನಡುವೆ ಬರಿದಾಗಿ ಕಂಡಿತು. ಚೌಕವನ್ನು ಮಡಚಿ ಇನ್ನೊಂದರ ಜೊತೆಗೆ ಸೊಂಟಕ್ಕೆ ಸಿಕ್ಕಿಸಿಕೊಂಡಳು.

"ಕೂಸ್ನ ಚೆನ್ನಾಗಿ ನೋಡ್ಕೊಳ್ಳಿ ಟೀಚರಮ್ಮ" ಎಂದು ಎದ್ದು ಹೋದಳು. ಶಾಫ್ಟಿನ ಕಡೆಗಲ್ಲ, ತನ್ನ ಮನೆಗೆ. ಒಳಗಿನಿಂದ ಅಗುಳಿ ಹಾಕಿಕೊಂಡ ಸದ್ದು ನಮಗೆ ಕೇಳಿತು.

ಸಂಜೆ ಹೆಣ್ಣುಕೂಸು ಹುಟ್ಟಿತು. ಸಣ್ಣದು, ಆದರೆ ದನಿ ಜೋರು. ನಡುವೆ ಬರಿದಾದ ಆ ಬೊಂತೆಯ ಮೇಲೆ ಅದನ್ನು ಮಲಗಿಸಿದರು.

ಶನಿವಾರ ಬೆಳಗ್ಗೆ ಎಂಟು ಗಂಟೆಗೆ, ಆಳುಗಳನ್ನು ಇಳಿಸಿ ಹತ್ತಿಸುವ ಕೇಜು ಮೇಲೆ ಬಂತು. ಅದರಲ್ಲಿ ಕೋದಂಡಪ್ಪನೂ ಆರುಮುಗಂನೂ ಬದುಕಿದ್ದರು. ಸುತ್ತಿನ ಕಲ್ಲು ಮತ್ತೆ ಜರುಗಿ ಕೊಳವೆ ಮುಚ್ಚಿಹೋಗಿತ್ತು, ಅದಕ್ಕೇ ಸದ್ದು ನಿಂತದ್ದು. ಕೋದಂಡಪ್ಪನ ಎಡಗಾಲು ಜಜ್ಜಿತ್ತು, ಆರುಮುಗಂಗೆ ತರಚುಗಾಯ ಬಿಟ್ಟರೆ ಏನೂ ಇಲ್ಲ. ಸುದ್ದಿ ಕೂಗುತ್ತಾ ಬಂದವರು ಸೊಣ್ಣಮ್ಮನ ಬಾಗಿಲು ಬಡಿದರು. ಬಹಳ ಹೊತ್ತು ತೆಗೆಯಲಿಲ್ಲ. ತೆಗೆದವಳು ಅವರನ್ನು ನೋಡಿದ ರೀತಿಗೆ, ಒಳ್ಳೆ ಸುದ್ದಿ ತಂದವರೇ ಎರಡು ಹೆಜ್ಜೆ ಹಿಂದೆ ಸರಿದರಂತೆ.

ಎರಡು ವಾರಕ್ಕೆ ಕೋದಂಡಪ್ಪನನ್ನು ಮನೆಗೆ ಕರೆತಂದು ಮಂಚದ ಮೇಲೆ ಮಲಗಿಸಿದರು. ಅಷ್ಟರಲ್ಲಿ ಲೈನಿನ ಗಾಳಿ ತಿರುಗಿತ್ತು. ಎರಡು ದಿನ ನೆಲದೊಳಗಿದ್ದು ಬದುಕಿ ಬಂದವನ ಅಂಗಿಯ ತುಂಡು ಎಂದರೆ ಸಾಮಾನ್ಯವೇ? ನಂದಿದುರ್ಗ ಗಣಿಯ ಕಡೆಯಿಂದಲೂ, ಕೋರಮಂಡಲ್ ಗಣಿಯಿಂದಲೂ ಹೆಂಗಸರು ಬಂದು, ಬಾಣಂತಿಗೆ ಬೇಕು, ಬಸುರಿಗೆ ಬೇಕು, ಒಂದು ಬೆರಳಗಲ ಕೊಡಮ್ಮ ಎಂದು ಕೇಳತೊಡಗಿದರು. ಕೊಳಾಯಿಯ ಹತ್ತಿರ ಸೊಣ್ಣಮ್ಮನನ್ನು ಆಡಿಕೊಂಡವರು ಈಗ ಅವಳ ಕತ್ತರಿಯನ್ನೇ ಹೊಗಳಿದರು. ನನಗೆ ಮೈ ಉರಿಯಿತು, ಆದರೆ ನಾನು ಬಾಯಿ ತೆಗೆಯುವ ಹಾಗಿರಲಿಲ್ಲ.

ನಾನು ಕೂಸನ್ನು ಎತ್ತಿಕೊಂಡು ಕೋದಂಡಪ್ಪನನ್ನು ನೋಡಲು ಹೋದ ದಿನ ಕದಿರಮ್ಮನೂ ಬಂದಳು. ಮಗಳ ಬೊಂತೆಯನ್ನು ಹೆಗಲ ಮೇಲೆ ಹಾಕಿಕೊಂಡು, ತಾಂಬೂಲದ ತಟ್ಟೆ ಹಿಡಿದು.

"ತಪ್ಪಾಯ್ತು ಕಣೆ ಸೊಣ್ಣಿ. ಬುದ್ಧಿ ಇಲ್ದೆ ಮಗಳ ಕೈಲಿ ಬಿಚ್ಚಿಸ್ದೆ. ಆ ತುಂಡು ವಾಪಸ್ ಕೊಡು, ನನ್ ಕೈಯಾರೆ ಒಲ್ಕೊಳ್ತೀನಿ."

"ಕೊಡಲ್ಲ" ಎಂದಳು ಸೊಣ್ಣಮ್ಮ. "ಬಿಚ್ಚಿದೋರ ಬೊಂತೇಗೆ ಅದು ತಿರ್ಗಾ ಓಗಂಗಿಲ್ಲ."

ಕದಿರಮ್ಮನ ಮುಖ ಕೆಂಪಾಯಿತು. ನನ್ನ ಕೈಯ ಕೂಸನ್ನೂ ಅದಕ್ಕೆ ಸುತ್ತಿದ್ದ ಬೊಂತೆಯನ್ನೂ ತೋರಿಸಿದಳು. "ಟೀಚರಮ್ಮಂದೂ ಬಿಚ್ಚೈತಲ್ಲ. ಅವ್ರಿಗೊಂದು ನ್ಯಾಯ, ನಂಗೊಂದು ನ್ಯಾಯಾನಾ?"

ಕೋದಂಡಪ್ಪ ಮಂಚದ ಮೇಲಿಂದ ತಲೆ ಎತ್ತಿ ಬೊಂತೆಯ ನಡುವಿನ ಬರಿದಾದ ಜಾಗವನ್ನು ನೋಡಿದ. ಅವನಿಗೆ ಅದು ಗೊತ್ತಿರಲಿಲ್ಲ ಎಂದು ಅವನ ಮುಖದಲ್ಲೇ ಕಂಡಿತು. ಕಟ್ಟಳೆ ಅವನಿಗೂ ಗೊತ್ತು. ಸುಳ್ಳು ಹೇಳುವುದು ನನಗೆ ಅಭ್ಯಾಸವಿಲ್ಲ, ಆದರೂ ಹೇಳಿದೆ. "ನಾನು ಬಿಚ್ಚಿದ್ದು ಕೋದಂಡಪ್ಪ. ನೋವಿನಲ್ಲಿ ತಲೆ ಕೆಟ್ಟಿತ್ತು."

"ಸುಳ್ಳು" ಎಂದಳು ಸೊಣ್ಣಮ್ಮ. ಗಂಡನ ಕಡೆ ತಿರುಗಿದಳು. "ಅವ್ರಲ್ಲ. ನಾನು ಬಿಚ್ಚಿದ್ದು. ಶುಕ್ರವಾರ ಮಧ್ಯಾನ. ನೀನು ಒಳಗೆ ಬದುಕಿದ್ದಾಗ್ಲೇ."

ಕದಿರಮ್ಮ ತಟ್ಟೆ ಹಿಡಿದುಕೊಂಡೇ ನಿಂತಿದ್ದಳು. ಹೊರಗೆ ಹೋಗಬೇಕೆಂದು ಅವಳಿಗೂ ತೋಚಲಿಲ್ಲ, ನನಗೂ ತೋಚಲಿಲ್ಲ. ಕೋದಂಡಪ್ಪ ಜಜ್ಜಿದ ಕಾಲನ್ನು ಎರಡೂ ಕೈಯಿಂದ ಎತ್ತಿ ಸರಿಸಿಕೊಂಡು, ಗೋಡೆಯ ಕಡೆ ಹೊರಳಿ ಮಲಗಿದ.

ಸೊಣ್ಣಮ್ಮ ಟ್ರಂಕು ತೆಗೆದಳು. ನನ್ನ ಬೊಂತೆಯಿಂದ ಬಿಚ್ಚಿದ್ದ ಚೌಕವನ್ನು ತಂದು, ನನ್ನ ಕೂಸನ್ನು ಕದಿರಮ್ಮನ ಕೈಗೆ ಕೊಡಿಸಿ, ಅಲ್ಲೇ ಕೂತು ಅದನ್ನು ಮತ್ತೆ ನನ್ನ ಬೊಂತೆಯ ನಡುವೆ ಹೊಲಿದಳು. "ಟೀಚರಮ್ಮ ಬಿಚ್ಲಿಲ್ಲ. ಅದಕ್ಕೆ ಅವ್ರಿಗೆ ಓಗ್ತದೆ" ಎಂದಳು. ಆಮೇಲೆ ತನ್ನ ಮನೆಯ ಬೊಂತೆಯನ್ನು ಎಳೆದುಕೊಂಡಳು. ಅದರಲ್ಲೂ ಕೆಂಪು ಚೌಕವಿತ್ತು, ಒಂಬತ್ತನೆಯದು. ಅದನ್ನು ಬಿಚ್ಚಿದಳು. "ಬಿಚ್ಚಿದೋರ ಬೊಂತೇಲಿ ಇರಂಗಿಲ್ಲ ಅಂದ್ನಲ್ಲ. ನಂದ್ರಲ್ಲೂ ಇರಂಗಿಲ್ಲ. ಈಗ ನ್ಯಾಯ ಸರಿ ಓಯ್ತಾ ಕದಿರಕ್ಕ?"

ಕದಿರಮ್ಮ ಕೂಸನ್ನು ನನಗೆ ಕೊಟ್ಟು ಹೋದಳು. ತಟ್ಟೆ ಅಲ್ಲೇ ಮರೆತಳು.

ಕೋದಂಡಪ್ಪ ಒಂದು ತಿಂಗಳು ಹೆಂಡತಿಯೊಂದಿಗೆ ಮಾತಾಡಲಿಲ್ಲ. ನಾನು ದಿನಾ ಹೋಗಿ ನೋಡುತ್ತಿದ್ದೆ. ಅವಳು ಗಂಜಿ ಕುಡಿಸುವಳು, ಕಾಲಿಗೆ ಎಣ್ಣೆ ಹಚ್ಚುವಳು, ಅವನು ಸೂರು ನೋಡುತ್ತಾ ಮಲಗಿರುವನು. ಮೊದಲ ಮಾತು ಅವನೇ ಆಡಿದ. ಚಳಿಗಾಲ ಬಂದಿತ್ತು. ಕಾಲಿನ ಮೇಲೆ ಹೊದ್ದಿದ್ದ ಆ ಬೊಂತೆಯ ನಡುವೆ ಕೈಯಿಟ್ಟು, "ಇಲ್ಲಿ ಗಾಳಿ ಒಡೀತದೆ ಸೊಣ್ಣಿ. ಮುಚ್ಚು" ಎಂದನಂತೆ. ಅವಳು ಬೇರೆ ಬಟ್ಟೆ ಹಾಕಿ ಮುಚ್ಚಿದಳು, ಒಂದು ಹಳೆ ಖಾಕಿ ತುಂಡು. ಕೆಂಪನ್ನು ಹಾಕು ಎಂದು ಅವನು ಆ ವರ್ಷವೂ ಕೇಳಿದ, ಮುಂದಿನ ವರ್ಷವೂ ಕೇಳಿದ. ಅವಳು ಹಾಕಲಿಲ್ಲ. ಅವನು ಕ್ಷಮಿಸಿದ್ದ, ಅದು ನಮಗೆಲ್ಲ ಕಾಣುತ್ತಿತ್ತು. ಅವಳು ಅವನ ಮಾತನ್ನು ಆಗಲೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಭಾನುವಾರದ ಬದಲಿ ಮತ್ತೆ ನಡೆಯಿತು. ಕದಿರಮ್ಮನೂ ಬಂದಳು. ಸೊಣ್ಣಮ್ಮ ಅವಳ ಚೌಕಗಳನ್ನು ಬೇರೆಯವರದರಷ್ಟೇ ಕಟ್ಟುನಿಟ್ಟಾಗಿ ನೋಡಿ, ಅಷ್ಟೇ ನಿರ್ದಾಕ್ಷಿಣ್ಯವಾಗಿ ಎಸೆಯುತ್ತಿದ್ದಳು. ಅದರಿಂದ ಕದಿರಮ್ಮನಿಗೆ ಸಮಾಧಾನವಾದಂತೆ ಕಂಡಿತು. ಅವಳ ಮೊಮ್ಮಗ ಕೆಂಪಿಲ್ಲದ ಬೊಂತೆಯ ಮೇಲೆ ಗುಂಡಗೆ ಬೆಳೆದ. ನನ್ನ ಮಗಳಂತೂ ನಡೆಯಲು ಕಲಿತ ದಿನದಿಂದ ಸೊಣ್ಣಮ್ಮನ ಮನೆಯಲ್ಲೇ ಇರುತ್ತಿದ್ದಳು. ಸೊಣ್ಣಮ್ಮನಿಗೆ ಮಕ್ಕಳಾಗಲಿಲ್ಲ.

ಅರವತ್ತೇಳರಲ್ಲಿ ನನಗೆ ಬಂಗಾರಪೇಟೆಯ ಶಾಲೆಗೆ ವರ್ಗವಾಯಿತು. ನಮ್ಮವರು ಅಲ್ಲಿಂದಲೇ ರೈಲಿನಲ್ಲಿ ಓಡಾಡುವುದೆಂದಾಯಿತು. ಹೊರಡುವ ಹಿಂದಿನ ದಿನ ಸೊಣ್ಣಮ್ಮನ ಜಗಲಿಗೆ ಹೋದೆ. ಅವಳು ಯಾರದೋ ಚೌಕ ತಿದ್ದುತ್ತಿದ್ದಳು, ನನ್ನ ಆರು ವರ್ಷದ ಮಗಳು ಅವಳ ಬೆನ್ನಿಗೆ ಒರಗಿ ಸೂಜಿಗೆ ದಾರ ಪೋಣಿಸುತ್ತಿದ್ದಳು. ಆರು ವರ್ಷದಿಂದ ಗಂಟಲಲ್ಲಿ ಸಿಕ್ಕಿಕೊಂಡಿದ್ದನ್ನು ಆಡಿಬಿಡಬೇಕೆಂದು ಹೋಗಿದ್ದೆ. ಮಗಳನ್ನು ನೀರು ತರಲು ಕಳಿಸಿದೆ.

"ಸೊಣ್ಣಕ್ಕ, ಒಂದು ಮಾತು. ಅವತ್ತು ನೀನು ಬಿಚ್ಚಿದಾಗ ನಾನು ಬೇಡ ಅನ್ನಲಿಲ್ಲ. ಅತ್ತೆ ಅಂದ್ರು, ನಾನು ಅನ್ನಲಿಲ್ಲ. ನನಗೆ ಒಳಗೊಳಗೇ ಸಂತೋಷ ಆಯ್ತು. ಇದನ್ನ ನಿನಗೆ ಹೇಳದೆ ಊರು ಬಿಡೋಕೆ ಆಗಲಿಲ್ಲ."

ಅವಳು ಹೊಲಿಗೆ ನಿಲ್ಲಿಸಲಿಲ್ಲ.

"ಗೊತ್ತಿತ್ತು ಟೀಚರಮ್ಮ. ಬ್ಲೇಡು ನಿಮ್ ಕೈಯಾಗೇ ಇತ್ತಲ್ಲ. ಇನ್ನೊಂದು ಗಳಿಗೆ ಓಗಿದ್ರೆ ನೀವೇ ಬಿಚ್ತಿದ್ರಿ."

"ಗೊತ್ತಿದ್ದೂ ಯಾಕೆ ನೀನು ಬಿಚ್ಚಿದೆ?"

ಆಗ ತಲೆ ಎತ್ತಿದಳು. ಕೊಳಾಯಿಯ ಹತ್ತಿರ ತಂಬಿಗೆ ಹಿಡಿದು ನಿಂತಿದ್ದ ನನ್ನ ಮಗಳ ಕಡೆ ನೋಡಿದಳು.

"ನೀವು ಬಿಚ್ಚಿದ್ರೆ, ನಮ್ಮೋರ್ನ ಕಳ್ಸಿಕೊಟ್ಟ ಸಿಟ್ಟಿಗೆ ಆ ಮಗೀನ ನಾನು ಯಾವತ್ತೂ ಎತ್ಕೊಳ್ತಿರ್ಲಿಲ್ಲ" ಎಂದಳು. "ನಂಗೆ ಎತ್ಕೊಳ್ಳಾಕೆ ಬೇರೆ ಯಾವ ಮಗು ಬತ್ತದೆ ಅಂತ ನಂಬ್ಕೊಂಡಿರ್ಲಿ ನಾನು?"